ಬೆಟಗೇರಿಯಲ್ಲಿ ನಾವು ನಿಕ್ಷಯ್ ಮಿತ್ರರಾದದ್ದು

ನಮ್ಮ ಬೆಟಗೇರಿ ಚರ್ಚಿನ ಸಭೆಯ ಹೆಣ್ಣುಮಕ್ಕಳು ಟಿಬಿ ಆದವರ ಮನೆಗೆ ತಿಂಗಳ ರೇಷನ್ ಮುಟ್ಟಿಸೋ ಕೆಲಸ ಶುರು ಮಾಡಿದ ಮೇಲೆ ಬೇರೆ ಊರಿನ ಸಭೆಗಳಿಂದ ಫೋನ್ ಬರುತ್ತಿರುತ್ತವೆ. "ಹೆಂಗ ಮಾಡಿದ್ರಿ, ಯಾರನ್ನ ಕೇಳಬೇಕು, ಖರ್ಚು ಹೆಂಗ ಹೊಂದಿಸ್ತೀರಿ" ಅಂತ. ಒಬ್ಬೊಬ್ಬರಿಗೆ ಹೇಳುತ್ತ ಕೂಡುವುದಕ್ಕಿಂತ ಎಲ್ಲ ಒಂದೇ ಕಡೆ ಬರೆದುಬಿಡೋಣ ಅನಿಸಿತು. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಓಣಿಯಲ್ಲಿ ಇನ್ನೂ ಎಲ್ಲರೂ ಅಕ್ಕೋರು ಅಂತಲೇ ಕರೆಯುತ್ತಾರೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ಬಂದರು. ಶಾಲೆ ಬಂತು, ಮುಂದೆ ದವಾಖಾನೆ ಬಂತು. ನನ್ನ ಅಜ್ಜಿ ಮಿಷನ್ ದವಾಖಾನೆಯಲ್ಲಿ ಆಯಾ ಆಗಿದ್ದಳು. ಬಾಣಂತಿಯರ ಬಟ್ಟೆ ಒಗೆದು, ಅವರಿಗೆ ಗಂಜಿ ಕುಡಿಸಿ ಮನೆಗೆ ಬರುತ್ತಿದ್ದಳಂತೆ. ಯಾವ ಓಣಿಯ ಯಾವ ಮನೆಯಲ್ಲಿ ಯಾರು ಹಡೆದಿದ್ದಾರೆ ಅಂತ ಅವಳಿಗೆ ಗೊತ್ತಿತ್ತು. ನಮ್ಮ ಕಾಲಕ್ಕೆ ಬರುವ ಹೊತ್ತಿಗೆ ಸೇವೆ ಅಂದರೆ ಸಂಸ್ಥೆಗಳು ಮಾಡೋದು, ನಾವು ಭಾನುವಾರ ಕಾಣಿಕೆ ಹಾಕೋದು ಅನ್ನುವಂತಾಯಿತು. ಕಾಣಿಕೆಯೂ ಬೇಕು, ಅದರಿಂದಲೇ ಎಷ್ಟೋ ಕೆಲಸ ನಡೆಯುತ್ತವೆ. ಆದರೆ ಪಕ್ಕದ ಓಣಿಯಲ್ಲಿ ಯಾರು ಕೆಮ್ಮುತ್ತಿದ್ದಾರೆ ಅಂತ ನಮಗೆ ಗೊತ್ತಿರಲಿಲ್ಲ.

ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಒಂದು ಮಾತಿದೆ. ಬಟ್ಟೆ ಇಲ್ಲದ, ಅವತ್ತಿನ ಊಟಕ್ಕೂ ಇಲ್ಲದ ಅಣ್ಣನೋ ತಂಗಿಯೋ ನಿಮ್ಮ ಮುಂದೆ ನಿಂತಿದ್ದಾಗ "ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ" ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಯಾಕೋಬ ಕೇಳುತ್ತಾನೆ. ಇದರ ಮೇಲೆ ನಮ್ಮ ಸ್ತ್ರೀಯರ ಸಂಘದಲ್ಲಿ ಒಂದು ಸಲ ಓದು, ಚರ್ಚೆ ಇತ್ತು. ಚರ್ಚೆ ಮುಗಿದು ಚಹಾ ಕುಡಿಯುವಾಗ ನಮ್ಮ ಸಂಘದಲ್ಲೇ ಇರುವ ಒಬ್ಬ ಆಶಾ ಕಾರ್ಯಕರ್ತೆ ಹೇಳಿದಳು: "ಅಕ್ಕೋರ, ನನ್ನ ಏರಿಯಾದಾಗ ಟಿಬಿ ಗುಳಿಗಿ ನುಂಗೋರಿಗೆ ಊಟನ ಇಲ್ರಿ. ಖಾಲಿ ಹೊಟ್ಟಿಗೆ ಗುಳಿಗಿ ನುಂಗ್ತಾರ, ವಾಂತಿ ಮಾಡ್ಕೋತಾರ, ಮರುದಿನ ಬಿಟ್ಟಬಿಡ್ತಾರ." ನಿಕ್ಷಯ್ ಮಿತ್ರ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಅವಳ ಬಾಯಿಂದಲೇ.

ಸಂಗತಿ ಇಷ್ಟು. ಕೇಂದ್ರ ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿ ಟಿಬಿ ಮುಕ್ತ ಭಾರತ ಅಭಿಯಾನ ಶುರು ಮಾಡಿತು. ಯಾರು ಬೇಕಾದರೂ, ಒಬ್ಬ ಮನುಷ್ಯನಾಗಲಿ, ಸಂಘವಾಗಲಿ, ಕಂಪನಿಯಾಗಲಿ, ಚಿಕಿತ್ಸೆಯಲ್ಲಿರುವ ರೋಗಿಗಳಿಗೆ ಪೌಷ್ಟಿಕ ಆಹಾರ ಕೊಡುವ ಜವಾಬ್ದಾರಿ ಹೊರಬಹುದು. ಅಂಥವರೇ ನಿಕ್ಷಯ್ ಮಿತ್ರರು. ಔಷಧಿ, ಪರೀಕ್ಷೆ ಎಲ್ಲ ಸರ್ಕಾರದ್ದೇ, ಪುಕ್ಕಟೆ. ಅದರ ಜೊತೆ ರೋಗಿಯ ಖಾತೆಗೆ ಊಟಕ್ಕೆ ಅಂತ ಹಣವೂ ಬರುತ್ತದೆ. 2018ರಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ಆಗಿದೆ.

ಸಭಾಪಾಲಕರಿಗೆ ವಿಷಯ ತಿಳಿಸಿದೆವು. ಅವರಿಗೆ ಖುಷಿಯಾಯಿತು, ಆದರೆ ಕಮಿಟಿ ಮುಂದೆ ಇಡಿ ಅಂದರು. ಕಮಿಟಿಯಲ್ಲಿ ಒಬ್ಬ ಹಿರಿಯರು ಕೇಳಿದರು, "ನಮ್ಮ ಸಭೆದಾಗ ಬಡವರಿಲ್ಲೇನವಾ? ಮೊದಲ ಅವರಿಗೆ ಕೊಡಬಾರ್ದ?" ಇದು ತಳ್ಳಿಹಾಕುವ ಪ್ರಶ್ನೆಯೇ ಅಲ್ಲ. ಕೇಳಿದವರೂ ಕೈ ಬಿಗಿ ಹಿಡಿಯುವವರಲ್ಲ, ವಿಧವೆಯರ ನಿಧಿಯನ್ನು ಅಷ್ಟು ವರ್ಷ ಒಂದು ರೂಪಾಯಿ ಹೆಚ್ಚುಕಮ್ಮಿ ಆಗದಂತೆ ನೋಡಿಕೊಂಡವರು. ಕೊನೆಗೆ ಆ ನಿಧಿಯನ್ನು ಮುಟ್ಟುವುದು ಬೇಡ, ಇದಕ್ಕೆ ಹೆಣ್ಣುಮಕ್ಕಳೇ ಬೇರೆ ದಾರಿ ನೋಡಲಿ ಅಂತ ತೀರ್ಮಾನವಾಯಿತು. ಅವರೇ ಎದ್ದು ಮೊದಲ ನೂರು ರೂಪಾಯಿ ಮೇಜಿನ ಮೇಲಿಟ್ಟರು.

ದಾರಿ ಹಳೆಯದೇ ಇತ್ತು. ನಮ್ಮವ್ವ ಅಡಿಗೆಗೆ ಹಿಟ್ಟು ನಾದುವ ಮೊದಲು ಒಂದು ಹಿಡಿ ಜೋಳ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿ ತುಂಬಿದ ಮೇಲೆ ಅದು ದೇವಾಲಯಕ್ಕೆ ಹೋಗುತ್ತಿತ್ತು. ಅದನ್ನೇ ಮತ್ತೆ ಶುರು ಮಾಡಿದೆವು. ಈಗ ಜೋಳವೇ ಆಗಬೇಕೆಂದಿಲ್ಲ, ಕೆಲವರು ತೊಗರಿಬೇಳೆ ಎತ್ತಿಡುತ್ತಾರೆ, ಕೆಲವರು ಶೇಂಗಾ. ಸುಗ್ಗಿ ಹಬ್ಬದಲ್ಲಿ ಹರಾಜಿಗೆ ಇಟ್ಟ ಕುಂಬಳಕಾಯಿ, ಕೋಳಿಗಳಿಂದ ಬಂದ ಹಣದಲ್ಲೂ ಒಂದು ಪಾಲು ಇದಕ್ಕೆ ಬಂತು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಮಾಂಸ ಬಿಡುವವರು ಆ ದುಡ್ಡನ್ನು ತತ್ತಿಗೆ ಕೊಟ್ಟರು. ಉಪವಾಸದ ದುಡ್ಡು ಇನ್ನೊಬ್ಬರ ತಾಟಿಗೆ ಹೋಗುವುದು ನನಗೆ ತುಂಬಾ ಸರಿ ಅನಿಸಿತು.

ಹೆಸರು ನೋಂದಾಯಿಸುವುದು ಕಷ್ಟವಿಲ್ಲ. ಸರ್ಕಾರದ ಟಿಬಿ ವೆಬ್‌ಸೈಟ್ ಆದ ನಿಕ್ಷಯ್ ಪೋರ್ಟಲ್‌ನಲ್ಲಿ ಸಂಘದ ಹೆಸರು, ಮೊಬೈಲ್ ನಂಬರ್, ಯಾವ ಜಿಲ್ಲೆ, ಎಷ್ಟು ತಿಂಗಳು ಕೊಡುತ್ತೀರಿ ಅನ್ನುವುದನ್ನು ತುಂಬಬೇಕು. ಸಭೆಯ ಯುವಕನೊಬ್ಬ ಮೊಬೈಲಿನಲ್ಲೇ ಮಾಡಿಕೊಟ್ಟ. ಆಮೇಲೆ ಜಿಲ್ಲಾ ಕ್ಷಯರೋಗ ವಿಭಾಗದವರ ಜೊತೆ ಮಾತಾಡಿದರೆ ಅವರು ನಮ್ಮ ಏರಿಯಾದ ರೋಗಿಗಳನ್ನು ಜೋಡಿಸಿಕೊಡುತ್ತಾರೆ. ಒಂದು ಮುಖ್ಯ ನಿಯಮ: ರೋಗಿ ಒಪ್ಪಿಗೆ ಕೊಟ್ಟರೆ ಮಾತ್ರ ಅವರ ಹೆಸರು, ವಿಳಾಸ ನಮಗೆ ಸಿಗುತ್ತದೆ. ಕೆಲವರು ಬೇಡ ಅಂದರು. ಅದೂ ಸರಿಯೇ.

ನಾವು ನಮ್ಮೊಳಗೆ ಇನ್ನಷ್ಟು ನಿಯಮ ಮಾಡಿಕೊಂಡೆವು. ಕೊಡುವಾಗ ಫೋಟೋ ತೆಗೆಯಬಾರದು. ಚೀಲದ ಮೇಲೆ ಸಭೆಯ ಹೆಸರಾಗಲಿ ಸ್ಟಿಕರ್ ಆಗಲಿ ಇರಬಾರದು, ಸಂತೆಗೆ ಒಯ್ಯುವ ಸಾದಾ ಕೈಚೀಲ ಸಾಕು. ಗಾಡಿಯನ್ನು ಮನೆ ಬಾಗಿಲಿಗೆ ನಿಲ್ಲಿಸದೆ ಓಣಿ ತುದಿಗೆ ನಿಲ್ಲಿಸಿ ನಡೆದು ಹೋಗಬೇಕು. ಅವರಾಗಿ ಕೇಳದೆ ಪ್ರಾರ್ಥನೆ ಮಾಡಬಾರದು, ಕರಪತ್ರ ಕೊಡಬಾರದು. ಈ ಕೊನೇ ನಿಯಮಕ್ಕೆ ಒಬ್ಬಿಬ್ಬರು ಮುಖ ಸಣ್ಣ ಮಾಡಿದರು. ನಾನು ಗಟ್ಟಿಯಾಗಿ ನಿಂತೆ. ಹಸಿದವನ ಕೈಯಲ್ಲಿ ರೊಟ್ಟಿ ಇಟ್ಟು ಅದರ ಬದಲಿಗೆ ಏನನ್ನಾದರೂ ಕೇಳುವುದು ನಮ್ಮ ಯೇಸುಸ್ವಾಮಿ ಮಾಡಿದ ಕೆಲಸವಲ್ಲ. ಅವನು ಹತ್ತು ಜನ ಕುಷ್ಠರೋಗಿಗಳನ್ನು ವಾಸಿಮಾಡಿದ, ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನರ ರೋಗವನ್ನೇನೂ ಅವನು ವಾಪಸ್ ಕೊಡಲಿಲ್ಲ ಅಲ್ವಾ?

ನಾನು ಹೋಗುತ್ತಿದ್ದ ಮನೆಗಳಲ್ಲಿ ಒಂದು ನೇಕಾರರದು. ಬೆಟಗೇರಿ ಅಂದರೇ ಮಗ್ಗ. ಆ ಓಣಿಯಲ್ಲಿ ಕಾಲಿಟ್ಟರೆ ಪವರ್‌ಲೂಮ್ ಸದ್ದು ನಿಲ್ಲುವುದೇ ಇಲ್ಲ. ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯುವ ಹುಡುಗ, ಮೂವತ್ತು ದಾಟಿರಬಹುದು. ಹೆಂಡತಿ ಮನೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಎರಡು ಮಕ್ಕಳು, ಒಬ್ಬ ಮುದಿ ತಾಯಿ. ಎರಡು ಕೋಣೆಯ ಮನೆ, ಕಿಟಕಿ ಒಂದೇ. ಆ ಕಿಟಕಿಗೂ ಧೂಳು ಬರುತ್ತದೆ ಅಂತ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು.

ಮೊದಲ ದಿನ ತಾಯಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಚೀಲ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಕೇಳಿಯೇ ಬಿಟ್ಟಳು: "ನೀವು ಇಗರ್ಜಿಯವರಲ್ಲೇನ್ರಿ? ಇದನ್ನ ಕೊಟ್ಟು ನಮ್ಮನ್ನ ನಿಮ್ಮ ಧರ್ಮಕ್ಕ ಸೇರಿಸ್ಕೊಂತೀರೇನ್ರಿ?"

ನನಗೆ ಬೇಜಾರಾಗಲಿಲ್ಲ. ಕೇಳಬೇಕಾದದ್ದನ್ನು ಎದುರಿಗೇ ಕೇಳಿದಳು. "ಇಲ್ಲವ್ವಾ," ಅಂದೆ. "ನಿಮ್ಮ ದೇವರು ನಿಮಗಿರ್ಲಿ. ನೆರೆಯವರನ್ನ ನಿನ್ನಂಗ ಪ್ರೀತಿ ಮಾಡು ಅಂತ ನಮ್ಮ ಸ್ವಾಮಿ ಹೇಳ್ಯಾನ, ಅದಕ್ಕ ಬಂದೀನಿ. ನಿಮ್ಮ ಮಗನ ಗುಳಿಗಿ ಮುಗಿಯೂತನ ಬರ್ತೀನಿ. ಮುಗಿದ ಮ್ಯಾಲೆ ಏನೂ ಕೇಳಂಗಿಲ್ಲ." ಅವಳು ನಂಬಿದಳು ಅಂತ ಹೇಳಲಾರೆ. ಚೀಲ ಮಾತ್ರ ಒಳಗೆ ತೆಗೆದುಕೊಂಡಳು.

ಚೀಲದಲ್ಲಿ ಏನಿರಬೇಕು ಅಂತ ಸರ್ಕಾರದ ಪಟ್ಟಿಯಿದೆ. ದೊಡ್ಡವರಿಗೆ ತಿಂಗಳಿಗೆ 3 ಕಿಲೋ ಧಾನ್ಯ, ಒಂದೂವರೆ ಕಿಲೋ ಬೇಳೆಕಾಳು, 250 ಗ್ರಾಂ ಎಣ್ಣೆ, ಒಂದು ಕಿಲೋ ಹಾಲಿನ ಪುಡಿ ಇಲ್ಲವೇ ಶೇಂಗಾ. ನಾವು ಹಾಲಿನ ಪುಡಿ ಬಿಟ್ಟು ಶೇಂಗಾ ಕೊಟ್ಟೆವು. ಶೇಂಗಾ ಆದರೆ ಚಟ್ನಿಪುಡಿ ಮಾಡುತ್ತಾರೆ, ಬೆಲ್ಲ ಹಾಕಿ ಉಂಡಿ ಕಟ್ಟುತ್ತಾರೆ. ಹಾಲಿನ ಪುಡಿ ಚಹಾಕ್ಕೆ ಹೋಗಿ ಮುಗಿಯುತ್ತದೆ, ಅದರಲ್ಲಿ ರೋಗಿಯ ಪಾಲಿಗೆ ಬರೋದು ಅಷ್ಟಕ್ಕಷ್ಟೆ. ಅಕ್ಕಿ ರೇಷನ್ ಅಂಗಡಿಯಲ್ಲಿ ಸಿಗುವುದರಿಂದ ಧಾನ್ಯ ಅಂದರೆ ಜೋಳವನ್ನೇ ಕೊಟ್ಟೆವು. ಮಡಕಿಕಾಳು, ಹೆಸರು, ಕಡಲಿ ತಿಂಗಳಿಗೊಂದರಂತೆ ಬದಲಾಯಿಸಿದೆವು. ತತ್ತಿ ತಿನ್ನುವವರಿಗೆ ತತ್ತಿ, ತಿನ್ನದವರಿಗೆ ಇನ್ನಷ್ಟು ಶೇಂಗಾ. ಇದನ್ನು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಬೇಕು. ಇನ್ನೊಬ್ಬರ ಒಲೆಯ ರೀತಿಗೆ ನಾವು ಹೊಂದಿಕೊಳ್ಳಬೇಕೇ ಹೊರತು ಅವರು ನಮ್ಮ ಚೀಲಕ್ಕಲ್ಲ.

ಒಬ್ಬರಿಗೆ ಅಂತ ಕೊಟ್ಟದ್ದನ್ನು ಬಡವರ ಮನೆಯಲ್ಲಿ ಒಬ್ಬರೇ ಉಣ್ಣುವುದಿಲ್ಲ. ತಾಯಿ ಮೊದಲು ಮಕ್ಕಳ ತಾಟಿಗೆ ಹಾಕುತ್ತಾಳೆ. ಜಾರ್ಖಂಡದಲ್ಲಿ ನಡೆದ ರೇಷನ್ಸ್ ಅನ್ನುವ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಗಳಿಗಷ್ಟೇ ಅಲ್ಲದೆ ಅವರ ಮನೆಮಂದಿಗೂ ಅಕ್ಕಿಬೇಳೆ ಕೊಟ್ಟು ನೋಡಿದ್ದರು. ಅಂಥ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಹೆಚ್ಚುಕಡಿಮೆ ಶೇಕಡಾ 40ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕೂಡ ಕಡಿಮೆ ಇತ್ತು. ಆರೋಗ್ಯ ಇಲಾಖೆಯ ಒಬ್ಬರು ಇದನ್ನು ವಿವರಿಸಿ ಹೇಳಿದ ಮೇಲೆ ನಾವು ಲೆಕ್ಕ ಬದಲಿಸಿದೆವು. ಹೆಚ್ಚು ರೋಗಿಗಳನ್ನು ಹಿಡಿಯುವ ಬದಲು ಕೆಲವೇ ಮನೆಗಳನ್ನು ಹಿಡಿದು ಇಡೀ ಮನೆಗೆ ಸಾಲುವಷ್ಟು ಕೊಡೋಣ ಅಂತ.

ಇನ್ನು ಗುಳಿಗೆಯ ವಿಷಯ. ಸಾಮಾನ್ಯ ಟಿಬಿಗೆ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ ಸೇರಿದ ಮಾತ್ರೆ, ಮುಂದಿನ ನಾಲ್ಕು ತಿಂಗಳು ಮೂರು ಔಷಧಿ ಸೇರಿದ್ದು. ದಿನಕ್ಕೆ ಎಷ್ಟು ಮಾತ್ರೆ ಅನ್ನೋದು ತೂಕದ ಮೇಲೆ. ನಮ್ಮ ನೇಕಾರ ಹುಡುಗ ತೂಕಕ್ಕೆ ನಿಂತಾಗ 41 ಕಿಲೋ ಇದ್ದ, ಅವನಿಗೆ ದಿನಕ್ಕೆ ಮೂರು. ಮಾತ್ರೆ ಶುರು ಮಾಡಿದ ಮರುದಿನವೇ ಹೆಂಡತಿ ಗಾಬರಿಯಾಗಿ ಫೋನ್ ಮಾಡಿದಳು, "ಅಕ್ಕೋರ, ಮೂತ್ರ ಕೆಂಪಗ ಹೊಂಟೈತಿ, ರಕ್ತ ಅನಸ್ತೈತ್ರಿ." ಅದು ರಿಫಾಂಪಿಸಿನ್ ಔಷಧಿಯ ಬಣ್ಣ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು, ಹೆದರಬೇಕಿಲ್ಲ. ಆಶಾ ಮೊದಲೇ ಹೇಳಿದ್ದಳು, ಆದರೆ ಕಣ್ಣಿಂದ ನೋಡಿದಾಗ ಯಾರಿಗೂ ನೆನಪಿಗೆ ಬರುವುದಿಲ್ಲ. ನಾನು ಫೋನಿನಲ್ಲಿ ಹೇಳಿ ಮುಗಿಸದೆ ಮನೆಗೇ ಹೋದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡ ಮಾಡದೆ ಡಾಕ್ಟರ್ ಹತ್ತಿರ ಹೋಗಬೇಕು ಅಂತಲೂ ಹೇಳಿ ಬಂದೆ.

ಅವತ್ತು ಒಂದು ಕಂಡೆ. ಅವನ ತಾಟು, ಲೋಟ ಎರಡನ್ನೂ ಹೊರಗೆ ಬಚ್ಚಲ ಗೋಡೆಯ ಮೇಲೆ ಬೇರೆ ಇಟ್ಟಿದ್ದರು. ತಾಟಿನ ಅಂಚಿಗೆ ಗುರುತಿಗೆ ಅಂತ ಕೆಂಪು ದಾರ ಕಟ್ಟಿತ್ತು. ಅವನು ಕಟ್ಟೆಯ ಮೇಲೆ ಕೂತಿದ್ದ, ಆ ತಾಟಿನ ಕಡೆ ನೋಡುತ್ತಿರಲಿಲ್ಲ. ಟಿಬಿ ಹರಡೋದು ಗಾಳಿಯಿಂದ, ಕೆಮ್ಮಿದಾಗ. ತಾಟಿನಿಂದ, ಲೋಟದಿಂದ ಬರುವುದಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಹರಡುವುದೂ ತುಂಬಾ ಕಡಿಮೆಯಾಗುತ್ತದೆ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು, ಕಿಟಕಿ ತೆರೆದಿಡಬೇಕು, ಅಷ್ಟೆ. ಇಷ್ಟನ್ನು ಪಾಠದ ಹಾಗೆ ಒಪ್ಪಿಸುವುದು ನನಗೆ ಸುಲಭ, ನಲವತ್ತು ಮಕ್ಕಳ ಕ್ಲಾಸು ನಡೆಸಿದವಳು. ಆದರೆ ಮಾತು ಸಾಲುವುದಿಲ್ಲ ಅನಿಸಿತು. "ಅವ್ವಾ, ಹಸಿವಾಗೈತಿ, ಒಂದು ರೊಟ್ಟಿ ಕೊಡ್ರಿ" ಅಂದೆ. ಅವಳು ಒಳಗಿನ ಸ್ಟೀಲ್ ತಾಟು ತಂದಳು. "ಅದು ಬ್ಯಾಡ, ಇದರಾಗ ಹಾಕ್ರಿ" ಅಂತ ಗೋಡೆಯ ಮೇಲಿನ ಆ ತಾಟನ್ನೇ ತೊಳೆದು ಮುಂದೆ ಹಿಡಿದೆ. ಹಾಕಿದಳು. ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕೂತು ಉಂಡೆ. ಯಾರೂ ಏನೂ ಮಾತಾಡಲಿಲ್ಲ. ನಡುವೆ ಹೆಂಡತಿ ಎದ್ದು ಹೋಗಿ ಕಿಟಕಿಯ ಪ್ಲಾಸ್ಟಿಕ್ ಕಿತ್ತು ತೆಗೆದಳು. ಮುಂದಿನ ಸಲ ಹೋದಾಗ ಆ ದಾರ ಇರಲಿಲ್ಲ.

ಕಷ್ಟದ ಕಾಲ ಬರೋದು ಎರಡು ತಿಂಗಳ ಹತ್ತಿರ. ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ, ಮೈಯಲ್ಲಿ ಶಕ್ತಿ ಬರುತ್ತದೆ. ಆರಾಮಾಯಿತು ಅನಿಸಿ ಮಾತ್ರೆ ಬಿಡುತ್ತಾರೆ. ಅರ್ಧಕ್ಕೆ ಬಿಟ್ಟರೆ ರೋಗ ತಿರುಗಿ ಬರುತ್ತದೆ, ಆಗ ಈ ಮಾತ್ರೆಗಳಿಗೆ ಬಗ್ಗದೇ ಇರಬಹುದು. ನಮ್ಮ ನೇಕಾರ ಹುಡುಗ ಮಗ್ಗಕ್ಕೆ ತಿರುಗಿ ಹೋಗಿದ್ದ. ಬೆಳಿಗ್ಗೆ ಬೇಗ ಹೋಗಬೇಕು, ಮಾತ್ರೆ ತಗೊಂಡರೆ ತಲೆ ತಿರುಗುತ್ತದೆ, ತಲೆ ತಿರುಗಿದರೆ ಎಳೆ ಹರಿಯುತ್ತದೆ, ಎಳೆ ಹರಿದರೆ ಕೂಲಿ ಕಡಿತ. ಅವನ ಲೆಕ್ಕ ಅವನಿಗೆ. ಮಾತ್ರೆಯ ಹಾಳೆಯನ್ನು ಜೇಬಲ್ಲಿಟ್ಟುಕೊಂಡೇ ತಿರುಗುತ್ತಿದ್ದ. ಹೆಂಡತಿ ಅಂಗಿ ಒಗೆಯುವಾಗ ಸಿಕ್ಕಿಬಿದ್ದ.

ಬೈದು ಪ್ರಯೋಜನವಿಲ್ಲ ಅಂತ ಆಶಾ, ನಾನು ಇಬ್ಬರೂ ಕೂಡಿ ಡಾಕ್ಟರನ್ನು ಕೇಳಿದೆವು. ತಲೆ ತಿರುಗುವುದು ಖಾಲಿ ಹೊಟ್ಟೆಯಿಂದಲೂ ಇರಬಹುದು, ಕೆಲಸದಿಂದ ಬಂದು ರಾತ್ರಿ ತಗೊಳ್ಳಲಿ, ದಿನಾ ಅದೇ ಹೊತ್ತಿಗೆ ತಗೊಂಡರೆ ಸಾಕು ಅಂದರು. ರಾತ್ರಿಯ ಜವಾಬ್ದಾರಿಯನ್ನು ದೊಡ್ಡ ಮಗಳು ವಹಿಸಿಕೊಂಡಳು, ಮೂರನೇ ಕ್ಲಾಸು. ಕ್ಯಾಲೆಂಡರಿನಲ್ಲಿ ತಾನೇ ಗುರುತು ಹಾಕುತ್ತಿದ್ದಳು, ಅಪ್ಪ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದ ಮೇಲೆಯೇ. ಮಗ್ಗದ ಮಾಲಕರ ಹತ್ತಿರ ನಾನೇ ಹೋದೆ. ನನ್ನ ಹಳೇ ವಿದ್ಯಾರ್ಥಿಯ ತಂದೆ. ರೋಗದ ಹೆಸರು ಹೇಳಲಿಲ್ಲ, ಅದನ್ನು ಹೇಳುವ ಹಕ್ಕು ನನ್ನದಲ್ಲ. ಮೈಯಾಗ ಅಶಕ್ತಿ ಐತಿ, ಸ್ವಲ್ಪ ದಿನ ತಡವಾಗಿ ಬರಲಿ ಅಂದೆ. ಒಪ್ಪಿದರು.

ಸರ್ಕಾರದ ಹಣ ಅವನ ಖಾತೆಗೆ ಬಂದಿರಲೇ ಇಲ್ಲ. ಆಧಾರ್ ಜೋಡಣೆ ಆಗದ ಹಳೇ ಖಾತೆ. ಅದಕ್ಕಾಗಿ ಬ್ಯಾಂಕಿಗೆ ಅಲೆದದ್ದು ಸಾಕಷ್ಟಾಯಿತು. ಪ್ರತಿ ಸಲ ಹೋದರೆ ಅವನ ಒಂದು ದಿನದ ಕೂಲಿ ಹೋಗುತ್ತದೆ ಅಂತ ಫಾರ್ಮು ನಾನು ತುಂಬಿಸಿಟ್ಟುಕೊಂಡು, ಹೆಬ್ಬೆರಳು ಒತ್ತಬೇಕಾದಾಗ ಮಾತ್ರ ಅವನನ್ನು ಕರೆಸಿದೆ. ಚೀಲ ಹೊತ್ತದ್ದಕ್ಕಿಂತ ಹೀಗೆ ಸಾಲಿನಲ್ಲಿ ನಿಂತದ್ದೇ ಜಾಸ್ತಿ ಉಪಯೋಗಕ್ಕೆ ಬಂತೇನೋ. ಓದು ಬರಹ ಬಂದು, ಪೆನ್ಶನ್ ಬಂದು, ಹೊತ್ತು ಇರುವವರು ಸಭೆಯಲ್ಲಿ ಎಷ್ಟೋ ಜನ ಇದ್ದೇವೆ. ನಮ್ಮ ಹೊತ್ತೂ ಕಾಣಿಕೆಯೇ.

ಮನೆಮಂದಿಗೆಲ್ಲ ತಪಾಸಣೆ ಮಾಡಿಸಬೇಕು, ಇದನ್ನು ಯಾರೂ ಬಿಡಬೇಡಿ. ಹೆಂಡತಿಗೆ, ತಾಯಿಗೆ ಎಕ್ಸ್‌ರೇ ಆಯಿತು, ಏನೂ ಇರಲಿಲ್ಲ. ಮಕ್ಕಳಿಗೆ ರೋಗ ಬರದಂತೆ ಮುಂಜಾಗ್ರತೆಯ ಮಾತ್ರೆ ಕೊಟ್ಟರು.

ಇನ್ನೊಂದು ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಒಂಟಿ ಜೀವ, ಜೊತೆಗೆ ಸಕ್ಕರೆ ಕಾಯಿಲೆ. ಸಕ್ಕರೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ನಾನು ಹೋದಾಗ ಬಹಳ ಸಲ ಅವರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಯಲ್ಲಿರುತ್ತಿದ್ದರು. ನಾನು ಪಡಸಾಲೆಯಲ್ಲಿ ಕೂಡುತ್ತಿದ್ದೆ. ಅವರು ಕಣ್ಣು ಮುಚ್ಚಿರುವಾಗ ನಾನೂ ಕಣ್ಣು ಮುಚ್ಚಿ ಅವರಿಗಾಗಿ ನನ್ನ ಸ್ವಾಮಿಯನ್ನು ಬೇಡುತ್ತಿದ್ದೆ. ಒಮ್ಮೆ ಪೂಜೆ ಮುಗಿಸಿ ಕೇಳಿದರು, "ನೀವೂ ಏನರ ಬೇಡ್ಕೊಂಡ್ರೇನು ಅಕ್ಕೋರ?" ಹೌದು, ನಿಮಗಾಗಿ ಬೇಡಿಕೊಂಡೆ ಅಂದೆ. "ಬೇಡ್ಕೋರಿ, ಬೇಡ್ಕೋರಿ. ನಾನೂ ನಿಮ್ಮ ಸಲುವಾಗಿ ಬೇಡ್ಕೊಂಡೀನಿ" ಅಂದರು. ಅವರು ಉಳಿಯಲಿಲ್ಲ. ಮಾತ್ರೆ ತಪ್ಪಿಸಿರಲಿಲ್ಲ, ಉಣ್ಣುತ್ತಲೂ ಇದ್ದರು, ದೇಹ ತಡೆಯಲಿಲ್ಲ. ನಮ್ಮ ಸಂಘದವರು ಮಣ್ಣಿಗೆ ಹೋಗಿದ್ದೆವು. ಹಿಂದಿನ ರಾತ್ರಿ ಭಜನೆಯಿತ್ತು, ಅಲ್ಲಿಯೂ ಕೂತಿದ್ದೆವು. ಅವರಿಗೆ ಅಂತ ಕಟ್ಟಿಟ್ಟಿದ್ದ ಆ ತಿಂಗಳ ಶೇಂಗಾವನ್ನು ನೋಡಿ ಆ ವಾರ ಪೂರ್ತಿ ನನಗೆ ಸಂಕಟವಾಯಿತು. ಪ್ರೀತಿ ಮಾಡಿದರೆ ಎಲ್ಲರೂ ವಾಸಿಯಾಗುತ್ತಾರೆ ಅಂತ ಯಾವ ಸುವಾರ್ತೆಯಲ್ಲೂ ಬರೆದಿಲ್ಲ. ರೋಗದಲ್ಲಿದ್ದೆ, ನನ್ನನ್ನು ನೋಡಲು ಬಂದಿರಿ ಅಂತ ಸ್ವಾಮಿ ಹೇಳಿದ್ದು ಮತ್ತಾಯನ ಇಪ್ಪತ್ತೈದನೇ ಅಧ್ಯಾಯದಲ್ಲಿದೆ. ವಾಸಿ ಮಾಡಿದಿರಿ ಅಂತ ಅವನು ಕೇಳಲಿಲ್ಲ.

ನೇಕಾರ ಹುಡುಗನ ಚಿಕಿತ್ಸೆ ಮುಗಿದಾಗ ಕಫದಲ್ಲಿ ಏನೂ ಬರಲಿಲ್ಲ, ತೂಕ 50 ದಾಟಿತ್ತು. ಮುಗಿದ ಮೇಲೂ ಎರಡು ವರ್ಷದವರೆಗೆ ಆಗಾಗ ತೋರಿಸಿಕೊಳ್ಳಬೇಕು ಅಂದಿದ್ದಾರೆ. ಅವರ ತಾಯಿಗೆ ಕೊಟ್ಟ ಮಾತಿನಂತೆ ಚೀಲ ಒಯ್ಯುವುದು ನಿಲ್ಲಿಸಿದೆ, ಏನೂ ಕೇಳಲಿಲ್ಲ. ಆಕೆಯೇ ಒಂದು ದಿನ ಬೀಸುವ ಗಿರಣಿಯಲ್ಲಿ ಸಿಕ್ಕು, ತಮ್ಮ ಓಣಿಯಲ್ಲಿ ಇನ್ನೊಬ್ಬಳು ಹೆಣ್ಣುಮಗಳು ಬಹಳ ದಿನದಿಂದ ಕೆಮ್ಮುತ್ತಾಳೆ, ತೋರಿಸೋಕೆ ಹೆದರುತ್ತಾಳೆ, ನೀವೂ ಆಶಾನೂ ಬನ್ನಿ ಅಂದಳು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕು ಅನ್ನುವುದನ್ನು ಆಕೆಯೇ ನನಗೆ ಹೇಳಿದಳು!

ಆ ಹುಡುಗಿಗೆ ಟಿಬಿ ಇರುವುದು ಖಾತ್ರಿಯಾಗಿ ಮಾತ್ರೆ ಶುರುವಾಗಿದೆ. ಮದುವೆಯ ಮಾತುಕತೆ ನಡೆದಿರುವುದರಿಂದ ಮನೆಗೆ ಬರಬೇಡಿ ಅಂದಿದ್ದಾಳೆ. ಹೊಲಿಗೆ ಕ್ಲಾಸಿಗೆ ಹೋಗುವ ದಾರಿಯಲ್ಲಿ ನಮ್ಮ ಸಂಘದ ಒಬ್ಬರ ಮನೆಯಿದೆ. ಅಲ್ಲಿ ಚೀಲ ಇಟ್ಟಿರುತ್ತೇವೆ, ಬಟ್ಟೆ ಹೊಲಿಯಲು ಕೊಟ್ಟ ಹಾಗೆ ಬಂದು ಒಯ್ಯುತ್ತಾಳೆ. ಒಂದೇ ಸಲಕ್ಕೆ ಭಾರವಾಗುತ್ತದೆ ಅಂತ ವಾರಕ್ಕಿಷ್ಟು ಅಂತ ಹಂಚಿ ಕಟ್ಟುತ್ತಿದ್ದೇವೆ. ನಿಮ್ಮ ಸಭೆಯಲ್ಲಿ ಶುರು ಮಾಡುವುದಾದರೆ ಹತ್ತಿರದ ಸರ್ಕಾರಿ ದವಾಖಾನೆಗೆ ಹೋಗಿ ಟಿಬಿ ವಿಭಾಗ ಎಲ್ಲಿ ಅಂತ ಕೇಳಿ, ಅಲ್ಲಿಯವರೇ ಮುಂದಿನದನ್ನು ಹೇಳುತ್ತಾರೆ. ಹೋಗುವ ಮೊದಲು ನಿಮ್ಮ ಓಣಿಯ ಆಶಾ ಜೊತೆ ಒಂದು ಮಾತು ಆಡಿ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಅನ್ನೋದು ಅವರಿಗೆ ಗೊತ್ತಿರುತ್ತದೆ.